ಒಂದು ಕಿಲೋಮೀಟರಿಗೆ ಒಂದು ಗಾದಿ

ಕರಿಬಸವರಾಜನಿಗೆ ದೇವರು ಎರಡು ಕಾಲು ಕೊಟ್ಟದ್ದು ಸಿಗ್ನಲ್‌ನಲ್ಲಿ ಸ್ಕೂಟರ್ ನಿಂತಾಗ ಬೀಳದಂತೆ ಊರಲಿಕ್ಕೆ ಮಾತ್ರ ಎಂಬುದು ಅವನ ಹೆಂಡತಿ ಶಕುಂತಲಮ್ಮನ ಅಭಿಪ್ರಾಯ. ಅದನ್ನು ಅಲ್ಲಗಳೆಯುವಂಥ ಪುರಾವೆ ಐವತ್ಮೂರು ವರ್ಷಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ದಾವಣಗೆರೆಯ ಮಕ್ಕಳ ಆಸ್ಪತ್ರೆಯೊಂದರ ಎದುರಿಗೆ ಅವನ ಝೆರಾಕ್ಸ್ ಅಂಗಡಿ. ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಹಾಲಿನ ಬೂತು. ನಡುವೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಗೂ ಅವನು ಸ್ಕೂಟರ್ ಕಿಕ್ ಹೊಡೆಯುತ್ತಿದ್ದ.

ಮನುಷ್ಯ ಕೆಟ್ಟವನಲ್ಲ. ಆಸ್ಪತ್ರೆಯ ಕಾರ್ಡು, ರೇಷನ್ ಕಾರ್ಡು ಎಂದು ಅಳುತ್ತಾ ಬರುವ ತಾಯಂದಿರಿಗೆ ಕುರ್ಚಿ ಕೊಡುತ್ತಿದ್ದ, ಫಾರಂ ತುಂಬಿಕೊಡುತ್ತಿದ್ದ. ಅಂಗಡಿಯ ಮುಂದೆ ಕುಡಿಯುವ ನೀರಿನ ಡ್ರಮ್ಮನ್ನೂ ಇಟ್ಟಿದ್ದ. ಆದರೆ ಆ ಡ್ರಮ್ಮಿನ ಮೇಲೆ ‘ದಾನಿಗಳು: ಶ್ರೀ ಕರಿಬಸವರಾಜ’ ಎಂದು ಎಷ್ಟು ದೊಡ್ಡದಾಗಿ ಬರೆಸಿದ್ದನೆಂದರೆ, ನಲ್ಲಿ ಎಲ್ಲಿದೆ ಎಂದು ಜನ ಹುಡುಕಬೇಕಾಗುತ್ತಿತ್ತು. ಮಾಡಿದ್ದನ್ನು ಹೇಳಿಕೊಳ್ಳದಿದ್ದರೆ ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಶಿವಮೂರ್ತಿ ಮೇಷ್ಟ್ರು ಎಂಬ ನಿವೃತ್ತರು ತಮ್ಮ ಹಳೆಯ ಮನೆಯನ್ನು ಖಾಲಿ ಮಾಡಿ, ಮಕ್ಕಳನ್ನು ಅಡ್ಮಿಟ್ ಮಾಡಿದ ಪರ ಊರಿನವರು ಉಳಿಯಲಿ ಎಂದು ಬಿಟ್ಟುಕೊಟ್ಟಿದ್ದರು. ಮಗುವಿನ ಹತ್ತಿರ ಒಬ್ಬರಿಗೆ ಮಾತ್ರ ಜಾಗ. ಉಳಿದವರು ಮೆಟ್ಟಿಲ ಕೆಳಗೆ, ಪೇಪರ್ ಹಾಸಿಕೊಂಡು ಮಲಗಬೇಕು. ಮೇಷ್ಟ್ರು ಮುಚ್ಚಿಹೋದ ಹಾಸ್ಟೆಲೊಂದರಿಂದ ಹದಿನಾಲ್ಕು ಕಬ್ಬಿಣದ ಮಂಚಗಳನ್ನೂ ತಂದರು. ಸೋಮವಾರ ಬಾಗಿಲು ತೆರೆಯುವುದೆಂದಾಯಿತು. ಆದರೆ ಮಂಚದ ಮೇಲೆ ಗಾದಿ ಇಲ್ಲ, ಬರೀ ಪಟ್ಟಿ. ಆ ಪಟ್ಟಿಯ ಮೇಲೆ ಮಲಗಿದರೆ ಬೆಳಿಗ್ಗೆ ಬೆನ್ನ ತುಂಬ ಚೌಕುಳಿ ಮೂಡುವುದು ಖಂಡಿತ.

ಯಾರಿಗೆ ಯಾವ ಮಂಚ ಎಂದು ನಂಬರಿನ ಚೀಟಿ ಹಂಚಿದವನು ಕರಿಬಸವರಾಜನೇ. ಹರಪನಹಳ್ಳಿ ಕಡೆಯಿಂದ ಬಂದಿದ್ದ ಅಖ್ತರ್ ಬಾನುಗೆ ಮೊದಲು ಮೂರನೇ ನಂಬರು ಬಂದಿತ್ತು. ಮೊಮ್ಮಗಳು ಸಬಾ ಮೂತ್ರಪಿಂಡದ ಕಾಯಿಲೆಯಿಂದ ಮೂರನೇ ಮಹಡಿಯಲ್ಲಿದ್ದಳು. ಸೊಸೆ ಮಗುವಿನ ಜೊತೆ ಒಳಗೆ, ಈ ಅಜ್ಜಿ ಹತ್ತೊಂಬತ್ತು ದಿನದಿಂದ ಮೆಟ್ಟಿಲ ಬುಡದಲ್ಲಿ, ಹೋಗಿಬರುವವರಿಗೆ ದಾರಿಯಾಗಲೆಂದು ಕಾಲು ಮಡಚಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ‘ಪಾಪ, ಆಕಿ ಬಾಣಂತಿ’ ಎಂದು ಮೂರನೇ ನಂಬರನ್ನು ಒಬ್ಬಳಿಗೆ ಕೊಟ್ಟು ಏಳನ್ನು ತೆಗೆದುಕೊಂಡಳು. ‘ಪಾಪ, ಈಕಿಗೆ ಸೊಂಟ ನೋವು’ ಎಂದು ಏಳನ್ನು ಕೊಟ್ಟು ಹನ್ನೊಂದನ್ನು ತೆಗೆದುಕೊಂಡಳು. ಹಾಗೆ ಪಾಪ ಪಾಪ ಎನ್ನುತ್ತಾ ಕಡೆಗೆ ಹದಿನಾಲ್ಕಕ್ಕೆ ಬಂದು ನಿಂತಳು. ಅದಕ್ಕಿಂತ ಕೆಳಗೆ ನಂಬರಿರಲಿಲ್ಲ.

ಈ ಹೊತ್ತಿನಲ್ಲಿ ಕರಿಬಸವರಾಜ ಫೋನಿನಲ್ಲಿ ಒಂದು ವಿಡಿಯೋ ನೋಡಿದ. ದೊಡ್ಡ ಊರಿನ ಜನ ಒಂದೇ ಬಣ್ಣದ ಟಿ-ಶರ್ಟ್ ಹಾಕಿಕೊಂಡು, ರೋಗಿಗಳ ಸಹಾಯಕ್ಕೆಂದು ಐದು ಕಿಲೋಮೀಟರ್ ನಡೆಯುತ್ತಿದ್ದರು. ಪಕ್ಕದ ಓಣಿಯಲ್ಲಿ ಗಾದಿ ಹೊಲಿಯುವ ಜಮಾಲ್ ಸಾಬ್ ಆಧಾರ್ ಝೆರಾಕ್ಸಿಗೆ ಬಂದು ನಿಂತಿದ್ದರು. ಕರಿಬಸವರಾಜನ ಬಾಯಿ ಸುಮ್ಮನಿರಬೇಕಲ್ಲ.

“ಬರೇ ಐದು ಕಿಲೋಮೀಟರ್ ನೋಡ್ರಿ ಚಾಚಾ. ನಾನು ಮನಸ್ಸು ಮಾಡಿದ್ರೆ ಹರಿಹರ ತನಕ ನಡೀತೀನಿ.”

ಜಮಾಲ್ ಸಾಬರು ಕನ್ನಡಕ ಮೇಲೆತ್ತಿ ಅವನ ಕಾಲು ನೋಡಿದರು. ಎಪ್ಪತ್ತು ವರ್ಷದ ಅವರ ಗಡ್ಡದಲ್ಲಿ ಅರಳೆಯ ಎಳೆ ಯಾವುದು, ಕೂದಲು ಯಾವುದು ಎಂದು ಹೇಳುವುದು ಕಷ್ಟ.

“ಹಾಲು ತರಾಕೆ ಸ್ಕೂಟರ್ ಹತ್ತೋನು ನೀನು.”

“ಚಾಲೆಂಜ್ ಮಾಡ್ತೀರೇನು?”

“ಮಾಡ್ತೀನಿ. ಹರಿಹರ ಗುಡಿ ಮುಂದಿನ ಕಟ್ಟೆಗೆ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್. ಒಂದು ಕಿಲೋಮೀಟರಿಗೆ ಒಂದು ಗಾದಿ. ನೀನು ನಡೆದಷ್ಟು ನಾನು ಮೇಷ್ಟ್ರ ಆ ಮನಿಗೆ ಕೊಡ್ತೀನಿ. ಪ್ರತಿ ಕಲ್ಲಿನ ಹತ್ರ ಫೋಟೋ ತೆಗೆದು ಕಳಿಸು. ಆದ್ರೆ ಎರಡು ಷರತ್ತು. ಒಂದು, ಚಕ್ರ ಇರೋದು ಯಾವುದನ್ನೂ ಹತ್ತಂಗಿಲ್ಲ. ಹತ್ತಿದಿ, ಆ ಕಿಲೋಮೀಟರಿನ ಗಾದಿ ಹೋತು.”

“ಇನ್ನೊಂದು?”

“ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು. ಕಟ್ಟೆ ಮುಟ್ಟೋ ತನಕ ಯಾಕ ನಡೀತೀಯ ಅಂತ ಯಾರಿಗೂ ಹೇಳಂಗಿಲ್ಲ. ಹೆಂಡ್ತಿಗೂ ಇಲ್ಲ, ಫೋನಿನಾಗೂ ಇಲ್ಲ. ಹೇಳಿದಿ, ಹದಿನಾಲ್ಕೂ ಹೋದವು. ಡ್ರಮ್ಮಿನ ಮ್ಯಾಲೆ ಹೆಸರು ಬರೆಸಿದಂಗೆ ಗಾದಿ ಮ್ಯಾಲೆ ಬರೆಸೋನು ನೀನು, ಅದಕ್ಕೆ.”

ನಡೆಯುವ ಷರತ್ತು ಕಷ್ಟ. ಸುಮ್ಮನಿರುವ ಷರತ್ತು ಅದಕ್ಕಿಂತ ಕಷ್ಟ. ಆದರೆ ಆಧಾರ್ ಝೆರಾಕ್ಸಿಗೆ ಕಾದಿದ್ದ ಇನ್ನೂ ಮೂವರು ಅವನ ಮುಖವನ್ನೇ ನೋಡುತ್ತಿದ್ದರು. ಕರಿಬಸವರಾಜ ಒಪ್ಪಿಕೊಂಡ. ಜಮಾಲ್ ಸಾಬರು ಆ ಮೂವರಿಂದಲೂ ಬಾಯಿ ಬಿಡುವುದಿಲ್ಲವೆಂದು ಮಾತು ತೆಗೆದುಕೊಂಡೇ ಹೊರಟರು.

ಭಾನುವಾರ ಬೆಳಿಗ್ಗೆ ಬಿಳಿ ಪಂಚೆ, ಬಿಳಿ ಅಂಗಿ, ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು, ಸ್ಕೂಟರಿನ ಕೀಲಿಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದು ಅವನು ಮನೆ ಬಿಟ್ಟ. ಕೀಲಿ ಕೈಯಲ್ಲಿದ್ದರೆ ಮನಸ್ಸು ಜಾರೀತೆಂಬ ಭಯವಷ್ಟೇ. ಶಕುಂತಲಮ್ಮ ಕೇಳಿದಳು, “ಎಲ್ಲಿಗ್ರೀ?”

“ಬಂದ ಮ್ಯಾಲೆ ಹೇಳ್ತೀನಿ.”

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಹೇಳದೆ ಬಿಟ್ಟ ಮೊದಲ ವಿಷಯ ಇದು. ಆಕೆ ಹೊರಗೆ ಬಂದು ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಳು. ಪೆಟ್ರೋಲ್ ಇತ್ತು. ಅಲ್ಲಿಗೆ ಅವಳ ಎದೆ ಧಸಕ್ಕೆಂದಿತು.

ನಮ್ಮ ಕಡೆ ಗುರುತಿನ ಮನುಷ್ಯನೊಬ್ಬ ಹೈವೇ ಪಕ್ಕದಲ್ಲಿ ನಡೆಯುತ್ತಿದ್ದರೆ ನೋಡಿಯೂ ನೋಡದಂತೆ ಹೋಗುವ ಪದ್ಧತಿ ಇಲ್ಲ. ಮೊದಲ ನಾಲ್ಕು ಕಲ್ಲು ದಾಟುವುದರೊಳಗೆ ಆರು ಬೈಕು, ಎರಡು ಆಟೋ, ಹಾಲಿನ ವ್ಯಾನು, ಒಂದು ಟ್ರ್ಯಾಕ್ಟರು ನಿಂತವು. “ಹತ್ರಿ ಅಣ್ಣಾರ.” “ಬ್ಯಾಡ.” “ಗಾಡಿ ಕೆಟ್ಟೈತೇನ್ರಿ?” “ಇಲ್ಲ.” “ಮತ್ತೆ?” “ಹೇಳಂಗಿಲ್ಲ.” ಟ್ರ್ಯಾಕ್ಟರಿನವನು ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿ, ತಿರುಗಿ ನೋಡಿ, ತಲೆ ಕೆರೆದುಕೊಂಡು ಮುಂದೆ ಹೋದ.

ಐದನೇ ಕಲ್ಲಿನ ಹೊತ್ತಿಗೆ ಹೊಸ ಶೂ ಎರಡೂ ಹಿಮ್ಮಡಿಯನ್ನು ಕಚ್ಚಿದವು. ಬಿಚ್ಚಿ, ಲೇಸು ಗಂಟು ಹಾಕಿ, ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಹೊರಟ. ಸರಿಯಾಗಿ ಆಗಲೇ ಹಿಂದಿನಿಂದ ಬಂದ ಬಿಳಿ ಕಾರೊಂದು ಪಕ್ಕದಲ್ಲಿ ನಿಂತಿತು. ಒಳಗಿದ್ದವರು ಹರಿಹರದ ಅಕ್ಕಿ ಗಿರಣಿ ಮಾಲೀಕ ಮಲ್ಲೇಶಪ್ಪ. ಅವರ ಮಗನಿಗೂ ಕರಿಬಸವರಾಜನ ಮಗಳು ನಯನಾಳಿಗೂ ನಿಶ್ಚಿತಾರ್ಥವಾಗಿ ಹನ್ನೆರಡು ದಿನವಾಗಿತ್ತು. ಹೊಸ ಬೀಗರೆಂದರೆ ಹೊಸ ಗಾಜಿನ ಲೋಟ. ಮೆಲ್ಲಗೆ ಇಡಬೇಕು.

“ಅರೆ ಬೀಗ್ರೇ! ಹಿಂಗ್ಯಾಕ್ರಿ? ಬರ್ರಿ, ಕೂಡ್ರಿ.”

“ಇವತ್ತು ಚಕ್ರ ಮುಟ್ಟಂಗಿಲ್ರಿ ಬೀಗ್ರೆ.”

“ಯಾಕ್ರಿ? ನಮ್ಮ ಕಾರು ಹಳೇದು ಅಂತಾನ?”

“ಛೇ ಛೇ. ಕಾರು ಭಾಳ ಚಲೋ ಐತ್ರಿ.”

“ಮತ್ತೆ ನಾವು ಚಲೋ ಇಲ್ಲೇನ್ರಿ?”

“ಹರಿಹರ ಮುಟ್ಟಿದ ಮ್ಯಾಲೆ ಎಲ್ಲಾ ಗೊತ್ತಾಗ್ತೈತ್ರಿ,” ಎಂದು ಕರಿಬಸವರಾಜ ಕೈಮುಗಿದ. ಕೊರಳಲ್ಲಿ ಶೂ ಅಲ್ಲಾಡಿದವು. ಮಲ್ಲೇಶಪ್ಪ ಗಾಜು ಏರಿಸಿ ಸ್ವಲ್ಪ ಮುಂದೆ ಹೋಗಿ, ಕಾರು ನಿಲ್ಲಿಸಿ, ಬೀಗಿತ್ತಿಗೆ ಫೋನು ಹಚ್ಚಿದರು.

“ಅಕ್ಕಾರ, ಮನ್ಯಾಗೆ ಏನರ ಜಗಳ ಆತೇನ್ರಿ? ಬೀಗರು ಬರಿಗಾಲಾಗೆ ಹೊಂಟಾರ. ಹತ್ರಿ ಅಂದ್ರೆ ಚಕ್ರದ ಋಣ ಮುಗೀತು ಅಂದ್ರು.”

ಋಣದ ಮಾತು ಕರಿಬಸವರಾಜನದಲ್ಲ, ಮಲ್ಲೇಶಪ್ಪನವರದೇ. ಫೋನಿನಲ್ಲಿ ಹೇಳುವಾಗ ಮಾತಿಗೆ ಸ್ವಲ್ಪ ಒಗ್ಗರಣೆ ಬೀಳುತ್ತದೆ.

“ಅಯ್ಯೋ ಅಣ್ಣಾರ, ಸ್ಕೂಟರ್ ಕೀಲೀನ ದೇವರಿಗೆ ಒಪ್ಪಿಸಿ ಹೋಗ್ಯಾರ್ರಿ!” ಎಂದು ಶಕುಂತಲಮ್ಮ ಅಲ್ಲೇ ಕೂತಳು. ಮಹಡಿ ಮೇಲಿನ ಮನೆಯ ಸುಧಾ ಧಡಧಡ ಇಳಿದು ಬಂದಳು.

“ನಮ್ಮ ದೊಡ್ಡಪ್ಪನೂ ಹಿಂಗೇ ರೀ. ಮೊದ್ಲು ಚಪ್ಪಲಿ ಬಿಟ್ರು, ಆಮ್ಯಾಲೆ ಉಳ್ಳಾಗಡ್ಡಿ ಬಿಟ್ರು, ಆಮ್ಯಾಲೆ ಮನೀನೇ ಬಿಟ್ರು. ಈಗ ಮಠದಾಗೆ ಅದಾರೆ.”

“ನಿನ್ನೆ ಉಪ್ಪಿಟ್ಟಿನಾಗಿನ ಉಳ್ಳಾಗಡ್ಡೀನ ಬದಿಗೆ ಸರಿಸಿದ್ರು!” ಎಂದು ಶಕುಂತಲಮ್ಮ ಕಿರುಚಿದಳು. ನಯನಾ ಆಟೋ ಕರೆಯಲು ಓಡಿದಳು.

ಇತ್ತ ಬಾತಿ ಎಂಬ ಊರಿನ ಹತ್ತಿರ ಫೆಬ್ರುವರಿಯ ಬಿಸಿಲು ನೆತ್ತಿ ಸುಡುತ್ತಿತ್ತು. ಮಂಡಕ್ಕಿ ಮಿರ್ಚಿ ಮಾರುವ ಹಂಪವ್ವ ಎಂಬ ಮುದುಕಿ ಈ ಬರಿಗಾಲಿನ ಬಿಳಿ ಬಟ್ಟೆಯವನನ್ನು ನೋಡಿ ಕನಿಕರಪಟ್ಟು, ಮಂಡಕ್ಕಿ ಪುಟ್ಟಿಗೆ ಮುಚ್ಚಿದ್ದ ಕಾವಿ ಬಣ್ಣದ ಟವೆಲ್ಲನ್ನು ನೀರಲ್ಲದ್ದಿ ಅವನ ತಲೆಗೆ ಸುತ್ತಿದಳು. ತಿನ್ನಲು ಮಂಡಕ್ಕಿ, ಮೂರು ಮಿರ್ಚಿ ಕೊಟ್ಟಳು. ಅವನು ಮೂರು ಮಿರ್ಚಿಯನ್ನೂ ಮುಗಿಸಿದ. ಇದು ವೈರಾಗ್ಯದ ಲಕ್ಷಣವಲ್ಲ ಎಂದು ಯಾರಾದರೂ ಗಮನಿಸಬೇಕಿತ್ತು. ಯಾರೂ ಗಮನಿಸಲಿಲ್ಲ.

“ಯಾರ ಸಲುವಾಗಿ ನಡೀತೀರಿ ಬುದ್ಧೀ?”

“ಹೇಳಂಗಿಲ್ಲವ್ವಾ.”

ಹಂಪವ್ವ ಸೆರಗು ಹೊದ್ದು ಕಾಲಿಗೆ ಬಿದ್ದಳು. ಮಿರ್ಚಿ ತಿನ್ನುತ್ತಿದ್ದ ನಾಲ್ಕು ಜನ ನೋಡಿದರು. ಕಾವಿ, ಬರಿಗಾಲು, ಮೌನ. ಅವರೂ ಬಿದ್ದರು. ಆಗ ಕರಿಬಸವರಾಜ ಏನು ಮಾಡಬೇಕಿತ್ತು? ಟವೆಲ್ ತೆಗೆದು, ತಾನು ಝೆರಾಕ್ಸ್ ಅಂಗಡಿಯವನೆಂದು ಹೇಳಬಹುದಿತ್ತು. ಅದಕ್ಕೆ ಜಮಾಲ್ ಸಾಬರ ಷರತ್ತೇನೂ ಅಡ್ಡಿಯಿರಲಿಲ್ಲ. ಅವನು ಬಲಗೈ ಎತ್ತಿ ಆಶೀರ್ವಾದ ಮಾಡಿದ. ಎತ್ತಿದ ಕೈ ಇಳಿಸಲು ಮನಸ್ಸು ಬರಲಿಲ್ಲ. ಹಾಗೆಯೇ ಅರ್ಧ ಫರ್ಲಾಂಗು ನಡೆದ. ಹಿಂದೆ ನಾಲ್ಕು ಜನ ಹೋಗಿ ಹದಿನೈದಾದರು, ಹದಿನೈದು ಹೋಗಿ ನಲವತ್ತಾದರು.

‘ಹರಿಹರ ೪’ ಎಂದು ಬರೆದ ಕಲ್ಲಿನ ಬಳಿ ಆಟೋ ಬಂದು ಅಡ್ಡ ನಿಂತಿತು. ಶಕುಂತಲಮ್ಮ ಇಳಿದವಳೇ ತಲೆಯ ಟವೆಲ್ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು. “ಕಾವೀನೂ ಉಟ್ಟುಬಿಟ್ರೇನ್ರೀ! ಮುಂದಿನ ತಿಂಗಳು ಮಗಳ ಮದುವಿ. ಹಂದರಕ್ಕೆ ಕಂಬ ಹುಗಿಯೋರು ಯಾರ್ರೀ?”

“ಅಪ್ಪಾ, ನಾನೇನರ ತಪ್ಪು ಮಾಡಿದ್ನಾ?” ಎಂದು ನಯನಾ ಅತ್ತಳು.

ಮಗಳು ಅತ್ತದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಹೇಳಿಯೇ ಬಿಡೋಣ ಎಂದು ಬಾಯಿ ತೆರೆದ. ಇಡೀ ಬೆಳಿಗ್ಗೆ ತಡೆದಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಮೆಟ್ಟಿಲ ಬುಡದಲ್ಲಿ ಕಾಲು ಮಡಚಿ ಕೂತಿದ್ದ ಅಖ್ತರ್ ಬಾನು ನೆನಪಾದಳು. ಕಟ್ಟಕಡೆಯ ಕಿಲೋಮೀಟರ್ ಅವಳದು. ಈಗ ಬಾಯಿ ಬಿಟ್ಟರೆ ಅವಳ ಗಾದಿಯ ಜೊತೆ ಉಳಿದ ಹದಿಮೂರೂ ಹೋಗುತ್ತವೆ. ಬಾಯಿ ಮುಚ್ಚಿದ. ಮಗಳ ತಲೆ ಸವರಿ, ಕಲ್ಲಿನ ಪಕ್ಕ ನಿಂತು ಫೋಟೋ ತೆಗೆದು ನಡೆದೇ ನಡೆದ.

“ತಲೆ ಸವರಿದ್ರು! ಕಡೇ ಸಲ ಸವರಿದ್ರು!” ಎಂದಳು ಅದೇ ಆಟೋದಲ್ಲಿ ಬಂದಿದ್ದ ಸುಧಾ. ದೊಡ್ಡಪ್ಪನ ಅನುಭವವಿದ್ದವಳು ಅವಳೊಬ್ಬಳೇ ಆದ್ದರಿಂದ ಎಲ್ಲರೂ ನಂಬಿದರು.

‘ಹರಿಹರ ೧’ ಕಲ್ಲು ಮುಟ್ಟುವ ಹೊತ್ತಿಗೆ ಹಿಂದೆ ನೂರು ಜನ, ಎಂಟು ಬೈಕು, ಆಟೋ, ಮಲ್ಲೇಶಪ್ಪನವರ ಕಾರು. ಎದುರಿಗೆ ಪೊಲೀಸ್ ಜೀಪು. ಎಎಸ್ಐ ಬಕ್ಕೇಶ್ ಲಾಠಿ ಕಂಕುಳಲ್ಲಿಟ್ಟುಕೊಂಡು ಇಳಿದ.

“ಮೆರವಣಿಗಿಗೆ ಪರ್ಮಿಷನ್ ಐತೇನ್ರಿ?”

“ಇದು ಮೆರವಣಿಗಿ ಅಲ್ರಿ ಸಾಹೇಬ್ರೆ, ನಮ್ಮ ಯಜಮಾನ್ರು,” ಎಂದಳು ಶಕುಂತಲಮ್ಮ.

“ಒಬ್ಬ ಯಜಮಾನಗೆ ಇಷ್ಟು ಮಂದಿ ಹಿಂದೇನ್ರಿ? ಲಾರಿ ಓಡಾಡೋ ರೋಡಿದು. ಬುದ್ಧಿಯವರೇ, ನೀವು ಜೀಪಿನಾಗೆ ಕೂಡ್ರಿ. ಗುಡಿ ಹತ್ರ ಬಿಡ್ತೀನಿ. ನೀವು ಹೋದ್ರೆ ಮಂದಿ ತಾನೇ ಕರಗ್ತಾರೆ.”

“ಬ್ಯಾಡ್ರಿ! ಚಕ್ರ ಬ್ಯಾಡ್ರಿ!”

“ದೊಡ್ಡೋರು ಹಂಗೇ ಅಂತಾರೆ,” ಎಂದು ಬಕ್ಕೇಶ್ ಸನ್ನೆ ಮಾಡಿದ. ಇಬ್ಬರು ಪೇದೆಗಳು ಆಚೆಗೊಬ್ಬ ಈಚೆಗೊಬ್ಬ ನಿಂತು, ಭಕ್ತಿಯಿಂದಲೇ ಕರಿಬಸವರಾಜನನ್ನು ಎತ್ತಿ ಜೀಪಿನಲ್ಲಿ ಕೂರಿಸಿದರು. ಎರಡು ನಿಮಿಷದಲ್ಲಿ ಜೀಪು ಗುಡಿಯ ಮುಂದೆ ನಿಂತಿತು.

ಕಟ್ಟೆಯ ಮೇಲೆ ಜಮಾಲ್ ಸಾಬರು ಕೂತಿದ್ದರು. ಬಸ್ಸಿನಲ್ಲಿ ಬಂದು, ನಮಾಜ್ ಮುಗಿಸಿ, ಚಹಾ ಕುಡಿದು, ಫೋನಿಗೆ ಬಂದ ಹದಿಮೂರು ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಅವರು ಜೀಪಿನ ಚಕ್ರ ನೋಡಿದರು. ಕರಿಬಸವರಾಜನ ಕಾಲು ನೋಡಿದರು. ಆ ಕಾಲು ನೋಡಿ ಅವರ ಮುಖ ಸಣ್ಣದಾಯಿತು. ಆದರೂ ಮಾತು ಮಾತೇ. ಒಂದು ಬೆರಳೆತ್ತಿ ಮೆಲ್ಲಗೆ ಅಲ್ಲಾಡಿಸಿದರು.

ಒಂದು ಹೋಯಿತು. ಅದು ಹದಿನಾಲ್ಕನೆಯದು.

ಹಾಲು ತರಲು ಸ್ಕೂಟರ್ ಹತ್ತುತ್ತಿದ್ದ ಮನುಷ್ಯ ಒಂದು ಕ್ಷಣ ಕಟ್ಟೆ ನೋಡಿದ, ಕಟ್ಟೆಯ ನೆರಳು ನೋಡಿದ. ಆಮೇಲೆ ಯಾರಿಗೂ ಏನೂ ಹೇಳದೆ ತಿರುಗಿ, ಬಂದ ದಾರಿಯಲ್ಲೇ ಹೊರಟ.

ಅರ್ಧ ದಾರಿಯಲ್ಲಿ ಎದುರಾದ ಜನ ಕಕ್ಕಾಬಿಕ್ಕಿಯಾದರು. ಮೊದಲು ಅರ್ಥವಾದದ್ದು ಶಕುಂತಲಮ್ಮನಿಗೆ. “ದಾವಣಗೆರೆ ಕಡೆ ಹೊಂಟ್ರು! ಮನೀಗೆ ಹೊಂಟ್ರು!” ಎಂದು ಕಣ್ಣೊರೆಸಿಕೊಂಡು ನಕ್ಕಳು. “ಸಂಸಾರ ಅಂದ್ರೆ ಹಂಗೇ ನೋಡ್ರಿ, ಎಳೀತೈತೆ,” ಎಂದು ಮಲ್ಲೇಶಪ್ಪ ಕಾರು ತಿರುಗಿಸಿದರು. ಜನರಲ್ಲಿ ಕೆಲವರಿಗೆ ಬೇಜಾರಾಯಿತು. ಒಳ್ಳೆಯ ಸ್ವಾಮಿಯೊಬ್ಬ ಕೈತಪ್ಪಿದನಲ್ಲ ಎಂದು ಇಬ್ಬರು ಗೊಣಗಿದರು.

ಕರಿಬಸವರಾಜ ‘ಹರಿಹರ ೧’ ಕಲ್ಲಿಗೆ ಬಂದ. ಕಲ್ಲನ್ನು ಕೈಯಿಂದ ಮುಟ್ಟಿದ. ಗಿರಕ್ಕನೆ ತಿರುಗಿ ಮತ್ತೆ ಹರಿಹರದ ಕಡೆಗೆ ಹೆಜ್ಜೆ ಹಾಕಿದ.

ಶಕುಂತಲಮ್ಮ ಆ ಕಲ್ಲಿನ ಮೇಲೆಯೇ ಕುಸಿದು ಕೂತಳು. ಮಲ್ಲೇಶಪ್ಪ ಮತ್ತೆ ಕಾರು ತಿರುಗಿಸಲು ಹೋಗಿ ಆಟೋಗೆ ತಾಗಿಸಿದರು. ಜೀಪಿನಲ್ಲಿ ಹಿಂದೆಯೇ ಬಂದಿದ್ದ ಬಕ್ಕೇಶ್ ಟೋಪಿ ತೆಗೆದು ಬೆವರು ಒರೆಸಿಕೊಂಡ.

“ಇವರು ಹೋಗೋರೋ, ಬರೋರೋ? ಸ್ಟೇಷನ್‌ನಾಗೆ ಬರ್ಕಳಾಕೆ ಒಂದು ದಿಕ್ಕಾದ್ರೂ ಬೇಕಲ್ರಿ!”

ಈ ಸಲ ಜೀಪಿಗೆ ಎತ್ತಲು ಯಾರೂ ಮುಂದೆ ಬರಲಿಲ್ಲ. ಕರಿಬಸವರಾಜನ ಹೆಜ್ಜೆಗಳ ಹಿಂದೆ ಡಾಂಬರಿನ ಮೇಲೆ ಅಲ್ಲಲ್ಲಿ ರಕ್ತದ ಕಲೆ ಬೀಳುತ್ತಿತ್ತು. ಅದನ್ನು ಮೊದಲು ಕಂಡವಳು ನಯನಾ. ಅವಳು ಆಟೋ ಬಿಟ್ಟಿಳಿದು ಅಪ್ಪನ ಪಕ್ಕದಲ್ಲಿ ನಡೆದಳು.

ಕಟ್ಟೆ ಮುಟ್ಟಿ ಕೂತಾಗ ಮಧ್ಯಾಹ್ನ ಒಂದೂವರೆ. ಜಮಾಲ್ ಸಾಬರು ನೀರಿನ ಚೊಂಬು ಮುಂದಿಟ್ಟು, “ಈಗ ಬಾಯಿ ಬಿಡಪ್ಪ” ಎಂದರು.

ಬಿಟ್ಟ. ಮಂಚ, ಪಟ್ಟಿ, ಚೀಟಿ, ಅಖ್ತರ್ ಬಾನು, ಚಕ್ರ, ಎಡಗೈ, ಬಲಗೈ, ಎಲ್ಲವೂ ಒಂದೇ ಉಸಿರಿಗೆ ಬಂತು. ಶಕುಂತಲಮ್ಮ ಮೊದಲು ಸೆರಗಿನಿಂದ ಅವನ ಹಿಮ್ಮಡಿ ಒರೆಸಿದಳು, ಆಮೇಲೆ ಅದೇ ಕೈಯಿಂದ ಅವನ ಭುಜಕ್ಕೆ ಒಂದೇಟು ಹಾಕಿದಳು. “ಮತ್ತೆ ಆ ಉಳ್ಳಾಗಡ್ಡಿ ಯಾಕ ಸರಿಸಿದ್ರಿ?”

“ಸೀದಿತ್ತು ಕಣೇ.”

ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡರು. “ಬೀಗ್ರೆ, ಗಾದಿ ಆತು. ತಲೆದಿಂಬಿಗೆ ವಾಪಸ್ ನಡೀತೀರೇನ್ರಿ? ಹದಿನಾಲ್ಕು ನಾನು ಕೊಡ್ತೀನಿ.” ಕರಿಬಸವರಾಜನ ಮುಖ ನೋಡಿ ಅವರೇ ಗಾಬರಿಯಾಗಿ, “ತಮಾಷಿ ಮಾಡಿದೆ, ನಡೀಬ್ಯಾಡ್ರಿ, ಹಂಗೇ ಕೊಡ್ತೀನಿ, ಕಾರು ಹತ್ರಿ” ಎಂದರು. ಅವನು ಹತ್ತಿದ. ಕಾರು ಬಾತಿ ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಸೋಮವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹದಿನಾಲ್ಕು ಗಾದಿಗಳು ಬಂದವು. ಕುಂಟುತ್ತಾ ಹದಿನಾಲ್ಕನೇ ಮಂಚದ ಬಳಿಗೆ ಹೋದ ಕರಿಬಸವರಾಜ ಅಲ್ಲೇ ನಿಂತುಬಿಟ್ಟ. ಅದರ ಮೇಲೆ ಸುಷ್ಮಾ ಎಂಬ ಹುಡುಗಿ ಮಲಗಿದ್ದಳು. ಎಂಟು ದಿನದ ಕೂಸನ್ನು ಹಿಂದಿನ ರಾತ್ರಿಯಷ್ಟೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಅಖ್ತರ್ ಬಾನು ಮೂಲೆಯ ನೆಲದ ಮೇಲೆ ಕಾಲು ಮಡಚಿ ಕೂತಿದ್ದಳು.

“ಪಾಪ, ಆಕಿ ಹಸಿ ಬಾಣಂತಿ ಬೇಟಾ. ಚೀಟಿ ಆಕಿಗೆ ಕೊಟ್ಟೆ.”

ಕರಿಬಸವರಾಜನಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಗೋಡೆ ಕಡೆ ತಿರುಗಿ ನಿಂತ. ಹಿಂದಿನಿಂದ ಜಮಾಲ್ ಸಾಬರು ಕೇಳಿದರು, “ಕಟ್ಟೆಯಿಂದ ಆ ಕಲ್ಲಿನ ತನಕ ಹಿಂದಕ್ಕೆ ಹೋದ್ಯಲ್ಲ, ಅದು ಎಷ್ಟು?”

“ಒಂದು ಕಿಲೋಮೀಟರ್.”

“ಚಕ್ರ ಹತ್ತಿದ್ಯಾ?”

“ಇಲ್ಲ.”

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ.”

“ಹಂಗಾದ್ರೆ ಹದಿನೈದಲ್ಲೇನೋ!” ಎಂದು ಬೈಯುವ ದನಿಯಲ್ಲಿ ಹೇಳಿ, ಸಾಬರು ಅಂಗಡಿಗೆ ಹೋಗಿ ಸಂಜೆಯೊಳಗೆ ಹದಿನೈದನೇ ಗಾದಿ ಹೊಲಿದು ತಂದರು. ಮಂಚ ಇರಲಿಲ್ಲ. ಝೆರಾಕ್ಸ್ ಅಂಗಡಿಯ ಎರಡು ಬೆಂಚುಗಳನ್ನು ತಂದು ಜೋಡಿಸಿದ್ದಾಯಿತು. ಅಜ್ಜಿ ಇನ್ನು ಯಾರಿಗೂ ಕೊಡಲಾಗದಂತೆ ಆ ಗಾದಿಗೆ ಚೀಟಿಯನ್ನೇ ಬರೆಯಲಿಲ್ಲ.

ಅಖ್ತರ್ ಬಾನು ಒರಗಿ, ಇಪ್ಪತ್ತು ದಿನಕ್ಕೂ ಮೇಲ್ಪಟ್ಟು ಮಡಚಿದ್ದ ಕಾಲುಗಳನ್ನು ಒಂದೊಂದಾಗಿ ಚಾಚಿದಳು. “ಮೆತ್ತಗೈತೆ. ಯಾರ್ ಕೊಟ್ರಪ್ಪ ಇದನ್ನ?”

ಈಗ ಹೇಳಬಾರದೆಂಬ ಷರತ್ತು ಯಾವುದೂ ಇರಲಿಲ್ಲ. ಬಾಗಿಲಲ್ಲಿ ಜಮಾಲ್ ಸಾಬರು ಉಸಿರು ಬಿಗಿಹಿಡಿದು ನಿಂತಿದ್ದರು. ಕರಿಬಸವರಾಜ ಬಾಯಿ ತೆರೆದ.

“ಯಾರೋ ಕೊಟ್ರಮ್ಮ. ಹೆಸರು ಹೇಳಲಿಲ್ಲ.”

“ಅಲ್ಲಾ ಅವರನ್ನ ಚಲೋ ಇಡಲಿ,” ಎಂದು ಕಣ್ಣು ಮುಚ್ಚಿದವಳು ಮತ್ತೆ ಅರ್ಧ ತೆರೆದು ಅವನ ಪಟ್ಟಿ ಸುತ್ತಿದ ಪಾದ ನೋಡಿದಳು. “ನಿನ್ನ ಕಾಲಿಗೇನಾತು ಬೇಟಾ?”

“ಹೊಸ ಶೂ ಕಚ್ಚೈತಮ್ಮ.”

“ಎದುರಿನ ಹಾಲಿಗೂ ಸ್ಕೂಟರ್ ಹತ್ತೋನಿಗೆ ಶೂ ಯಾಕ ಬೇಕಿತ್ತಪ್ಪಾ?” ಎಂದಳು ಅಖ್ತರ್ ಬಾನು. ಉತ್ತರ ಬರುವುದರೊಳಗೆ ಅವಳಿಗೆ ನಿದ್ದೆ ಹತ್ತಿತ್ತು.